ಹೊಸ್ತಿಲಾಚೆಯ ನೆಲ: ಒಳಮನೆಗೆ ಹೊಂದುವಂತೆ ಸಿಟ್‌ಔಟ್, ಅಂಗಳದ ಟೈಲ್ ಆರಿಸುವ ಬಗೆ

ಹಾಲ್‌ನ ಟೈಲ್‌ಗಾಗಿ ನಾಲ್ಕಾರು ಅಂಗಡಿ ಸುತ್ತುವವರು ಸಿಟ್‌ಔಟ್, ಪೋರ್ಟಿಕೋ, ಹಿತ್ತಲಿನ ಸರದಿ ಬರುವ ಹೊತ್ತಿಗೆ ದುಡ್ಡಿನಲ್ಲೂ ತಾಳ್ಮೆಯಲ್ಲೂ ಸೋತಿರುತ್ತಾರೆ. ಒಳಗೆ ಉಳಿದ ಟೈಲೇ ಹೊರಗೂ ಬೀಳುತ್ತದೆ, ಇಲ್ಲವೇ ಮೇಸ್ತ್ರಿ ತೋರಿಸಿದ ಮೊದಲ ಪಾರ್ಕಿಂಗ್ ಟೈಲ್ ಬರುತ್ತದೆ. ಮೊದಲನೆಯದು ಮಳೆಗಾಲದಲ್ಲಿ ಮಂಜುಗಡ್ಡೆಯಂತೆ ಜಾರುತ್ತದೆ. ಎರಡನೆಯದು ಜಾರದಿದ್ದರೂ ಬಾಗಿಲು ತೆರೆದಾಗಲೆಲ್ಲ ಬೇರೆ ಯಾರದೋ ಮನೆಯ ನೆಲದಂತೆ ಕಾಣುತ್ತದೆ. ಒಳಗಿನದನ್ನೂ ಹೊರಗಿನದನ್ನೂ ಒಟ್ಟಿಗೇ ಆರಿಸಬೇಕು, ಅದೂ ಬೆಡ್ ಕಾಂಕ್ರೀಟ್, ಅಂದರೆ ನೆಲದ ತಳದ ಕಾಂಕ್ರೀಟ್, ಹಾಕುವ ಮೊದಲೇ. ಯಾಕೆ ಅಷ್ಟು ಬೇಗ ಎಂಬುದು ಮುಂದೆ ಮಟ್ಟದ ಲೆಕ್ಕಕ್ಕೆ ಬಂದಾಗ ತಿಳಿಯುತ್ತದೆ.

ಆರಿಸುವ ಕ್ರಮ ಹೀಗಿರಲಿ: ಮೊದಲು ಕಾಲಿಗೆ ಹಿಡಿತ, ಆಮೇಲೆ ನೀರು ಮತ್ತು ಬಿಸಿಲು, ಬಣ್ಣ ಕೊನೆಗೆ. ಅಂಗಡಿಯಲ್ಲಿ ಇದು ತಲೆಕೆಳಗಾಗುತ್ತದೆ, ಏಕೆಂದರೆ ಅಲ್ಲಿ ಕಣ್ಣಿಗೆ ಬೀಳುವುದು ಬಣ್ಣ ಮಾತ್ರ.

1. ಮಳೆ, ಬಿಸಿಲು ಎಲ್ಲಿಯವರೆಗೆ ಬರುತ್ತವೆ ನೋಡಿ

ಹೊರಗಿನ ಜಾಗವೆಲ್ಲ ಒಂದೇ ತರಹದ್ದಲ್ಲ. ಹೊಸ್ತಿಲ ಪಕ್ಕದ ಭಾಗಕ್ಕೆ ಚಾವಣಿಯ ನೆರಳಿರುತ್ತದೆ. ಅಂಚಿನ ಎರಡು ಮೂರು ಅಡಿಗೆ ಎರಚಲು ಬಡಿಯುತ್ತದೆ. ಅದರಾಚೆ ಪೂರ್ತಿ ಬಯಲು. ನಕ್ಷೆಯ ಮೇಲೆ ಈ ಮೂರಕ್ಕೂ ಗೆರೆ ಹಾಕಿ. ಪಶ್ಚಿಮಕ್ಕೆ ತೆರೆದ ಸಿಟ್‌ಔಟ್ ಆಗಿದ್ದರೆ ಸಂಜೆ ನಾಲ್ಕರ ಬಿಸಿಲು ಎಲ್ಲಿಗೆ ಬೀಳುತ್ತದೆ ಎಂಬುದನ್ನೂ ಗುರುತು ಹಾಕಿಕೊಳ್ಳಿ.

ಆ ಜಾಗದಲ್ಲಿ ಏನು ನಡೆಯುತ್ತದೆ ಎಂಬುದನ್ನೂ ಪಟ್ಟಿ ಮಾಡಿ. ಕಾರು ನಿಲ್ಲುತ್ತದೆಯೇ? ಹಪ್ಪಳ, ಮೆಣಸಿನಕಾಯಿ ಒಣಗುತ್ತವೆಯೇ? ದಿನವೂ ಬೆಳಿಗ್ಗೆ ನೀರು ಹಾಕಿ ಸಾರಿಸಿ ರಂಗೋಲಿ ಬಿಡುತ್ತಾರೆಯೇ? ಹೊಸ್ತಿಲಿಗೆ ಅರಿಸಿನ ಕುಂಕುಮ, ದೀಪದ ಎಣ್ಣೆ ಬೀಳುವ ಮನೆಯಲ್ಲಿ ಅದರ ಮುಂದಿನ ಎರಡು ಅಡಿ ನೆಲಕ್ಕೆ ಬೇರೆಯೇ ಯೋಚನೆ ಬೇಕು. ತಿಳಿ ಬಣ್ಣದ, ನೀರು ಕುಡಿಯುವ ನೆಲಕ್ಕೆ ಅರಿಸಿನ ಇಳಿದರೆ ತೆಗೆಯುವುದು ಕಷ್ಟ. ಅಲ್ಲಿ ಗಾಢ ಕಲ್ಲು ಹಾಕಿದರೆ ಕಲೆಯೂ ತೋರದು, ಬಿಳಿ ರಂಗೋಲಿಯೂ ಎದ್ದು ಕಾಣುತ್ತದೆ.

2. ಹಿಡಿತ ಮತ್ತು ನೀರು ಹೀರುವ ಗುಣ

ಟೈಲ್‌ನ ಪೆಟ್ಟಿಗೆ ಅಥವಾ ಕಂಪನಿಯ ಕ್ಯಾಟಲಾಗ್‌ನಲ್ಲಿ ಆರ್9ರಿಂದ ಆರ್13ರವರೆಗಿನ ಗುರುತು ಹುಡುಕಿ. ಜಾರದಂತಿರುವ ಗುಣದ ಅಳತೆ ಇದು; ಅಂಕಿ ದೊಡ್ಡದಾದಷ್ಟೂ ಹಿಡಿತ ಹೆಚ್ಚು. ಚಾವಣಿಯ ಕೆಳಗೆ ಆರ್10 ಸಾಕು, ಎರಚಲು ಬಡಿಯುವ ಕಡೆ ಮತ್ತು ಬಯಲಿಗೆ ಆರ್11, ಕಾರು ಹತ್ತುವ ಇಳಿಜಾರಿಗೆ ಆರ್12. ಒಂದು ವಿಷಯ ನೆನಪಿರಲಿ: ಈ ಪರೀಕ್ಷೆ ಮಾಡುವುದು ಎಣ್ಣೆ ಹಚ್ಚಿದ ಇಳಿಜಾರಿನಲ್ಲಿ, ಬೂಟು ತೊಟ್ಟ ಕಾಲಿನಲ್ಲಿ. ಬರಿಗಾಲಿಗೆ ಎ, ಬಿ, ಸಿ ಎಂಬ ಬೇರೆ ಶ್ರೇಣಿ ಇದೆ. ಚಪ್ಪಲಿಯನ್ನು ಮೆಟ್ಟಿಲ ಬಳಿಯೇ ಬಿಡುವ ನಮಗೆ ಅದೂ ಮುಖ್ಯ. ಬಿ ಅಥವಾ ಸಿ ಇರುವುದನ್ನು ಕೇಳಿ.

ಹಾಗೆಂದು ಹಿಡಿತವನ್ನು ಅತಿಗೆ ಒಯ್ಯಬೇಡಿ. ಉಬ್ಬು ತಗ್ಗು ಆಳವಾಗಿರುವ ಟೈಲ್‌ನಲ್ಲಿ ಕೆಮ್ಮಣ್ಣು ಕೂತುಬಿಡುತ್ತದೆ, ಪೊರಕೆಗೆ ಬರುವುದಿಲ್ಲ. ಸ್ಯಾಂಪಲ್ ಟೈಲ್ ಒಂದನ್ನು ಮನೆಗೆ ತಂದು ಮೂರು ಪರೀಕ್ಷೆ ಮಾಡಿ. ಸೋಪಿನ ನೀರು ಚೆಲ್ಲಿ ಬರಿಗಾಲಿಟ್ಟು ಹಿಮ್ಮಡಿ ತಿರುಗಿಸಿ. ಒದ್ದೆ ಮಣ್ಣು ಹಚ್ಚಿ ಒಣಗಿಸಿ ಬರೀ ನೀರು, ಪೊರಕೆಯಿಂದ ತೊಳೆಯಿರಿ. ಎಣ್ಣೆಯಲ್ಲಿ ಕಲಸಿದ ಅರಿಸಿನವನ್ನು ರಾತ್ರಿಯಿಡೀ ಬಿಟ್ಟು ಬೆಳಿಗ್ಗೆ ಪಾತ್ರೆ ಸೋಪಿನಲ್ಲಿ ಉಜ್ಜಿ. ಮೂರರಲ್ಲೂ ಪಾಸಾದ ಟೈಲ್‌ನ ಬಣ್ಣವನ್ನು ಮಾತ್ರ ಮುಂದೆ ನೋಡುವುದು.

ನೀರು ಹೀರದಿರುವುದರಲ್ಲಿ ವಿಟ್ರಿಫೈಡ್ ಟೈಲ್ ಮುಂದು: ಹೀರುವುದು ತನ್ನ ತೂಕದ ಶೇ 0.5ಕ್ಕಿಂತ ಕಡಿಮೆ. ಸಾಮಾನ್ಯ ಸೆರಾಮಿಕ್ ನೆಲದ ಟೈಲ್ ಶೇ 3ರಿಂದ 6, ಗೋಡೆಯ ಟೈಲ್ ಶೇ 10ಕ್ಕೂ ಮೇಲೆ. ಬಯಲಿಗೆ ವಿಟ್ರಿಫೈಡ್ ಬಿಟ್ಟು ಬೇರೆ ಟೈಲ್ ಬೇಡ. ಪರೀಕ್ಷೆ ಸುಲಭ: ಟೈಲ್ ಬೆನ್ನಿಗೆ ಒಂದು ಚಮಚ ನೀರು ಹಾಕಿ. ಐದು ನಿಮಿಷದಲ್ಲಿ ಇಂಗಿ ಕಪ್ಪು ಕಲೆಯಾದರೆ ಅದು ಹೊರಗಿನದಲ್ಲ.

3. ಬಣ್ಣ: ಒಳಗಿನ ಒಂದು ಎಳೆ ಹಿಡಿಯಿರಿ

ಹೊಂದಾಣಿಕೆ ಎಂದರೆ ಒಂದೇ ಬಣ್ಣ ಅಲ್ಲ. ಹೆಚ್ಚು ಕೆಡುವುದು "ಹತ್ತಿರ ಹತ್ತಿರ ಅದೇ" ಬಣ್ಣ ಹಾಕಿದಾಗ. ಒಳಗೆ ಐವರಿ, ಹೊರಗೆ ಅದಕ್ಕಿಂತ ಸ್ವಲ್ಪ ಮಾಸಿದ ಐವರಿ ಇದ್ದರೆ ಟೈಲ್ ಸಾಲದೆ ಬೇರೆ ಲಾಟ್ ತಂದಂತೆ ಕಾಣುತ್ತದೆ. ಒಂದೋ ಎರಡೂ ಕಡೆ ಅದೇ ಟೈಲ್‌ನ ಹೊಳಪು ಮತ್ತು ಮ್ಯಾಟ್ ರೂಪ ಇರಬೇಕು, ಇಲ್ಲವೇ ಹೊರಗಿನದು ಕನಿಷ್ಠ ಎರಡು ಮೂರು ಛಾಯೆ ಗಾಢವಾಗಿ, ಬೇಕೆಂದೇ ಬೇರೆ ಮಾಡಿದ್ದು ಎಂದು ತಿಳಿಯುವಂತಿರಬೇಕು.

ಎರಡು ಬೇರೆ ಬಣ್ಣಗಳನ್ನು ಕೂಡಿಸುವುದು ಬಣ್ಣದೊಳಗೆ ಅಡಗಿರುವ ಛಾಯೆ. ಬಿಳಿಯಲ್ಲೂ ಹಳದಿ ಬಿಳಿ, ನೀಲಿ ಬಿಳಿ, ಗುಲಾಬಿ ಬಿಳಿ ಇವೆ. ಅದನ್ನು ಕಂಡುಹಿಡಿಯಲು ಟೈಲ್ ಪಕ್ಕ ಒಂದು ಬಿಳಿ ಎ4 ಹಾಳೆ ಇಡಿ. ಮರೆಯಾಗಿದ್ದ ಛಾಯೆ ತಟ್ಟನೆ ಕಾಣುತ್ತದೆ. ಹಳದಿ ಛಾಯೆಯ ಒಳನೆಲಕ್ಕೆ ಹೊರಗೆ ಮರಳು, ಕಂದು, ಇಟ್ಟಿಗೆ ಬಣ್ಣ ಕೂಡುತ್ತದೆ. ನೀಲಿ ಛಾಯೆಗೆ ಬೂದಿ, ಕಪ್ಪು. ಅಡ್ಡ ದಾಟಿಸಿದರೆ, ಅಂದರೆ ಹಳದಿ ಐವರಿಯ ಮುಂದೆ ನೀಲಿ ಬೂದಿ ಹಾಕಿದರೆ, ಒಳನೆಲ ಕೊಳೆಯಾದಂತೆ ತೋರುತ್ತದೆ. ಎರಡೂ ಸ್ಯಾಂಪಲ್‌ಗಳನ್ನು ಜಾಗದಲ್ಲೇ ಅಕ್ಕಪಕ್ಕ ಇಟ್ಟು ಬೆಳಿಗ್ಗೆ, ಸಂಜೆ, ರಾತ್ರಿ ದೀಪದಲ್ಲಿ ನೋಡಿ. ನೀರು ಚೆಲ್ಲಿಯೂ ನೋಡಿ. ಕಲ್ಲು ಒದ್ದೆಯಾದರೆ ಛಾಯೆ ಬದಲಾಗುತ್ತದೆ, ಮಳೆಗಾಲದ ತಿಂಗಳುಗಟ್ಟಲೆ ನೀವು ನೋಡುವುದು ಆ ಬಣ್ಣವನ್ನೇ.

ಕರ್ನಾಟಕದ ಮನೆಗಳಲ್ಲಿ ಹೆಚ್ಚಾಗಿ ಕಾಣುವ ಒಳನೆಲಗಳನ್ನು ಒಂದೊಂದಾಗಿ ನೋಡೋಣ.

ಐವರಿ ಅಥವಾ ಬಿಳಿ ವಿಟ್ರಿಫೈಡ್: ಗುಜರಾತಿನ ಮೋರ್ಬಿಯಿಂದ ಬರುವ 600×600, 600×1200 ಮಿ.ಮೀ. ಟೈಲ್‌ಗಳು ಈಗ ಎಲ್ಲೆಡೆ ಇವೆ. ಹಲವು ಟೈಲ್‌ಗಳಲ್ಲಿ ಬೂದಿ ಅಥವಾ ಚಿನ್ನದ ಬಣ್ಣದ ನರಗಳಿರುತ್ತವೆ. ಹೊರಗೆ ಆರಿಸಬೇಕಾದ್ದು ಆ ನರದ ಬಣ್ಣವನ್ನೇ, ಹಿನ್ನೆಲೆಯದ್ದನ್ನಲ್ಲ. ಹೊರಗೆ ನರವಿಲ್ಲದ, ಸರಳ ಮೈಯ ಟೈಲ್ ಇರಲಿ. ಎರಡೂ ಕಡೆ ಚಿತ್ತಾರವಿದ್ದರೆ ಬಾಗಿಲ ಬಳಿ ಗೊಂದಲ.

ಪಾಲಿಶ್ ಮಾಡಿದ ಗ್ರಾನೈಟ್: ಒಳಗಿನ ಕಲ್ಲನ್ನೇ ಹೊರಗೂ ಹಾಕಬಹುದು, ಮೇಲ್ಮೈ ಮಾತ್ರ ಬೇರೆ ಇರಬೇಕು. ಇಲ್ಲಿ ಹಲವರು ಮೋಸ ಹೋಗುವ ಒಂದು ಅಂಶವಿದೆ. ಫ್ಲೇಮ್ಡ್ ಮಾಡಿದ, ಅಂದರೆ ಬೆಂಕಿ ತಾಗಿಸಿ ಒರಟು ಮಾಡಿದ ಗ್ರಾನೈಟ್ ಬಣ್ಣ ಕಳೆದುಕೊಂಡು ತಿಳಿಯಾಗುತ್ತದೆ. ಚಾಮರಾಜನಗರದ ಕಪ್ಪು ಕಲ್ಲು ಬೂದಿಗೆ ತಿರುಗುತ್ತದೆ. ಇಳಕಲ್ಲಿನ ಕೆಂಪು ಗ್ರಾನೈಟ್ ಮಂಕಾದ ಗುಲಾಬಿಯಾಗುತ್ತದೆ. ಬಣ್ಣ ಉಳಿಯಬೇಕೆಂದರೆ ಲೆದರ್ ಫಿನಿಶ್ ಕೇಳಿ. ಹೊಳಪು ಕಡಿಮೆ, ಬಣ್ಣ ಗಾಢ, ತೊಳೆಯಲೂ ಸುಲಭ. ಹಿಡಿತ ಮಾತ್ರ ಫ್ಲೇಮ್ಡ್‌ನಷ್ಟಿಲ್ಲ. ಆದ್ದರಿಂದ ಚಾವಣಿ ಕೆಳಗೆ ಲೆದರ್, ಬಯಲಲ್ಲಿ, ಮೆಟ್ಟಿಲಲ್ಲಿ ಫ್ಲೇಮ್ಡ್. ಬೆಂಕಿ ಕೊಡಲು ಕಲ್ಲು 18 ಮಿ.ಮೀ.ಗಿಂತ ತೆಳ್ಳಗಿರಬಾರದು, ಬಿರುಕು ಬಿಡುತ್ತದೆ. ಬೆಂಗಳೂರಿನ ಸುತ್ತಮುತ್ತ ಬೂದಿ ಬಣ್ಣದ ಒಳನೆಲಕ್ಕೆ ದೇವನಹಳ್ಳಿ ಕಡೆಯ ಸಾದರಹಳ್ಳಿ ಕಲ್ಲು ಒಳ್ಳೆಯ ಜೋಡಿ, ಬಿಸಿಲು ಮಳೆಗೆ ಜಗ್ಗುವುದಿಲ್ಲ.

ರೆಡ್ ಆಕ್ಸೈಡ್, ಅಂದರೆ ಕಾವಿ ನೆಲ: ಇದನ್ನು ಹೊರಗೆ ಮುಂದುವರಿಸುವ ಆಸೆ ಬೇಡ. ಬಿಸಿಲಿಗೆ ಬಿರುಕು ಬಿಟ್ಟು, ಮಳೆಗೆ ಮಂಕಾಗುತ್ತದೆ. ಚಾವಣಿ ಕೆಳಗಿನ ಜಗಲಿಗೆ ಸುಟ್ಟ ಮಣ್ಣಿನ ಟೈಲ್‌ನಷ್ಟು ಹೊಂದುವುದು ಇನ್ನೊಂದಿಲ್ಲ. ಮಂಗಳೂರಿನಲ್ಲಿ ಬಾಸೆಲ್ ಮಿಷನ್‌ನವರು 1865ರಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ ಬೆಳೆದ ಕಸುಬಿನ ಮಾಲು ಅದು. ಬಣ್ಣ ಒಂದೇ ಕುಲದ್ದು, ಮೈ ಬೇರೆ. ಆದರೆ ಕರಾವಳಿ, ಮಲೆನಾಡಿನಲ್ಲಿ ಅದನ್ನು ಬಯಲಿಗೆ ಹಾಕಿದರೆ ಜೂನ್ ಮುಗಿಯುವುದರೊಳಗೆ ಪಾಚಿ. ಮಣ್ಣಿನ ಟೈಲ್ ನೀರು ಕುಡಿಯುವುದರಿಂದ ತಳದವರೆಗೂ ಒಣಗುವುದೇ ಇಲ್ಲ. ಅಲ್ಲಿ ಬಯಲಿಗೆ ಫ್ಲೇಮ್ಡ್ ಮಾಡಿದ ಕೆಂಪು ಗ್ರಾನೈಟ್ ಅಥವಾ ಮುರಕಲ್ಲಿನ ಬಣ್ಣದ ಮ್ಯಾಟ್ ವಿಟ್ರಿಫೈಡ್ ಹಾಕಿ. ಜಗಲಿಯ ಮಣ್ಣಿನ ಟೈಲ್‌ಗೂ ಹಾಸಿದ ಮೇಲೆ ಪೂರ್ತಿ ಒಣಗಲು ಬಿಟ್ಟು ಸೀಲರ್, ಅಂದರೆ ನೀರು ಇಳಿಯದಂತೆ ತಡೆಯುವ ಲೇಪ, ಎರಡು ಕೋಟ್ ಕೊಡಿ. ಹಸಿ ಇರುವಾಗ ಸೀಲರ್ ಹಚ್ಚಿದರೆ ಒಳಗಿನ ತೇವ ಸಿಕ್ಕಿಕೊಂಡು ಬಿಳಿ ಮಚ್ಚೆ ಏಳುತ್ತದೆ.

ಅತ್ತಂಗುಡಿ ಟೈಲ್: ತಮಿಳುನಾಡಿನ ಚೆಟ್ಟಿನಾಡಿನ ಈ ಕೈಕೆಲಸದ ಸಿಮೆಂಟ್ ಟೈಲ್ ಒಳಗೇ ಚೆಂದ. ಬಿಸಿಲು ಮಳೆಗೆ ಅದರ ಬಣ್ಣ, ಹೊಳಪು ನಿಲ್ಲುವುದಿಲ್ಲ. ಚಿತ್ತಾರದಲ್ಲಿರುವ ಬಣ್ಣಗಳಲ್ಲಿ ಅತಿ ಕಡಿಮೆ ಜಾಗ ಪಡೆದ ಒಂದನ್ನು ಆರಿಸಿ, ಆ ಒಂದೇ ಬಣ್ಣವನ್ನು ಹೊರಗೆ ಹಾಸಿ.

ಮರದಂತೆ ಕಾಣುವ ಟೈಲ್: ಹೊರಗೆ ಮತ್ತೊಂದು ಮರದ ವಿನ್ಯಾಸ ಬೇಡ. ಎರಡು ಜಾತಿಯ ಮರ ಎದುರಾದರೆ ಎರಡೂ ನಕಲಿ ಎಂಬುದು ಬಯಲಾಗುತ್ತದೆ. ಕಂದು ಬೂದಿಯ ಕಲ್ಲಿನ ಮೈಯ ಟೈಲ್ ಇರಲಿ.

ಶಹಾಬಾದ್, ಕೋಟಾ, ತಾಂಡೂರು ಕಲ್ಲು: ಒಳಗೆ ಇವು ಪಾಲಿಶ್ ಆಗಿದ್ದರೆ ಹೊರಗೆ ಪಾಲಿಶ್ ಮಾಡದ ಅದೇ ಕಲ್ಲು. ಪಾಲಿಶ್ ಮಾಡಿದ ಸುಣ್ಣಕಲ್ಲು ಬಿಸಿಲಲ್ಲಿ ಹೊಳಪು ಕಳೆದುಕೊಂಡು ಬಿಳಚಿಕೊಳ್ಳುತ್ತದೆ. ಕಲಬುರಗಿ, ರಾಯಚೂರಿನ ಕಡೆ ಬೇಸಿಗೆ 40 ಡಿಗ್ರಿ ದಾಟುವಾಗ ಕಪ್ಪು ಕಲ್ಲಿನ ಮೇಲೆ ಬರಿಗಾಲಿಡಲು ಆಗುವುದಿಲ್ಲ. ಅಲ್ಲಿ ತಿಳಿ ಬೂದಿ ಶಹಾಬಾದ್ ಕಲ್ಲು ಅಥವಾ ಹಳದಿ ತಾಂಡೂರು ಕಲ್ಲೇ ಸರಿ. ಕಪ್ಪು ಬಣ್ಣದ ಕಡಪ ಕಲ್ಲನ್ನು ಅಂಚಿನ ಪಟ್ಟಿಗೆ ಮಾತ್ರ ಇಡಿ.

4. ಬಾಗಿಲ ಬಳಿ: ಮಟ್ಟ, ಪಟ್ಟಿ, ಗೆರೆ

ಹೊರನೆಲ ಒಳನೆಲಕ್ಕಿಂತ ತಗ್ಗಿರಲೇಬೇಕು. ಚಾವಣಿ ಇರುವ ಸಿಟ್‌ಔಟ್‌ಗೆ 25 ಮಿ.ಮೀ., ಬಯಲಿಗೆ ಒಂದು ಪೂರ್ತಿ ಮೆಟ್ಟಿಲು, ಅಂದರೆ 150 ಮಿ.ಮೀ. ವಾಟ, ಅಂದರೆ ನೀರು ಹರಿಯುವ ಇಳಿಜಾರು, ಮೀಟರಿಗೆ 10 ಮಿ.ಮೀ., ಮನೆಯಿಂದ ಆಚೆಗೆ.

ಲೆಕ್ಕ ನೋಡಿ. ಒಳಗೆ 40 ಮಿ.ಮೀ. ಗಾರೆಯ ಮೇಲೆ 9 ಮಿ.ಮೀ. ವಿಟ್ರಿಫೈಡ್, ಒಟ್ಟು 49. ಹೊರಗೆ 40 ಮಿ.ಮೀ. ಗಾರೆ, 25 ಮಿ.ಮೀ. ಶಹಾಬಾದ್ ಕಲ್ಲು, ಒಟ್ಟು 65. ಹೊರಗೆ 25 ಮಿ.ಮೀ. ತಗ್ಗಬೇಕೆಂದರೆ ಬಾಗಿಲ ಬಳಿ ಹೊರಗಿನ ಬೆಡ್ ಒಳಗಿನದಕ್ಕಿಂತ 41 ಮಿ.ಮೀ. ಕೆಳಗಿರಬೇಕು. ಹತ್ತಡಿ ಅಗಲದ ಸಿಟ್‌ಔಟ್‌ಗೆ ವಾಟ 30 ಮಿ.ಮೀ., ಹಾಗಾಗಿ ಆಚೆ ಅಂಚಿನಲ್ಲಿ 71 ಮಿ.ಮೀ. ಕೆಳಗೆ. ಎರಡೂ ಬೆಡ್ ಒಂದೇ ಮಟ್ಟಕ್ಕೆ ಹಾಕಿಬಿಟ್ಟರೆ ಕಲ್ಲಿನ ನೆಲ ಒಳನೆಲಕ್ಕಿಂತ ಮೇಲೇರುತ್ತದೆ. ಮೇಸ್ತ್ರಿ ಆಗ ತೆಳ್ಳನೆಯ ಟೈಲ್‌ಗೆ ಬದಲಿಸಿ ಎಂದೇ ಹೇಳುತ್ತಾರೆ. ಆರಿಸಿದ್ದೆಲ್ಲ ವ್ಯರ್ಥ. ಬೆಡ್‌ಗೆ ಮೊದಲೇ ಟೈಲ್ ಗೊತ್ತಿರಬೇಕು ಎಂದದ್ದು ಇದಕ್ಕೇ. ವಾಟವನ್ನು ಬೆಡ್‌ನಲ್ಲೇ ಕೊಡಿಸಿ, ಗಾರೆ ದಪ್ಪ ಮಾಡಿ ಕೊಡಿಸಬೇಡಿ. ದಪ್ಪ ಗಾರೆ ಒಣಗುವಾಗ ಕುಗ್ಗಿ ಟೈಲ್ ಬಿಡಿಸಿಕೊಳ್ಳುತ್ತದೆ.

ಎರಡು ನೆಲ ಸೇರುವಲ್ಲಿ ಆರಿಂಚು ಅಗಲದ ಗ್ರಾನೈಟ್ ಪಟ್ಟಿ ಹಾಕಿದರೆ ಮುಕ್ಕಾಲು ಪಾಲು ಜಗಳ ಅಲ್ಲೇ ಮುಗಿಯುತ್ತದೆ. ಮರದ ಹೊಸ್ತಿಲಿದ್ದರೆ ಅದೇ ಆ ಕೆಲಸ ಮಾಡುತ್ತದೆ. ಪಟ್ಟಿಯ ಬಣ್ಣ ಎರಡು ನೆಲಗಳಲ್ಲಿ ಗಾಢವಾದದ್ದಕ್ಕಿಂತಲೂ ಗಾಢವಿರಲಿ.

ಒಳಗಿನ ಕೂಡುಗೆರೆ ಹೊರಗಿನದಕ್ಕೆ ನೇರ ಬರಬೇಕೆಂದು ಹಲವರು ಬಯಸುತ್ತಾರೆ. 600ರ ಟೈಲ್ ಎದುರು 300ರ ಎರಡು ಟೈಲ್ ಸಮ ಎಂದುಕೊಂಡರೆ ತಪ್ಪಿತು. ಒಳಗೆ 2 ಮಿ.ಮೀ. ಸಂದು, ಹೊರಗೆ 4 ಮಿ.ಮೀ. ಸಂದು ಇರುತ್ತದೆ: ಒಳಗೆ 602, ಹೊರಗೆ 608. ಐದು ಟೈಲ್ ದೂರಕ್ಕೆ ಗೆರೆ 30 ಮಿ.ಮೀ. ತಪ್ಪುತ್ತದೆ. ಮೂರೂವರೆ ಅಡಿಯ ಮುಂಬಾಗಿಲಾದರೆ ಬಾಗಿಲ ನಡುವಿನಿಂದ ಎರಡೂ ಕಡೆಗೆ ಗೆರೆ ಹೊರಡಿಸಿ, ತೆರೆದ ಭಾಗದಲ್ಲಿ ಕಾಣುವುದು ಎರಡು ಟೈಲ್‌ಗಿಂತ ಕಡಿಮೆಯಾದ್ದರಿಂದ ವ್ಯತ್ಯಾಸ ತಿಳಿಯದು. ಹತ್ತಡಿಯ ಸ್ಲೈಡಿಂಗ್ ಬಾಗಿಲಾದರೆ ಎರಡೂ ಕಡೆ ಒಂದೇ ಅಳತೆ, ಒಂದೇ ಸಂದು, ಇಲ್ಲವೇ ಪಟ್ಟಿ ಹಾಕಿ ಹೊರಗೆ ಓರೆಯಾಗಿ ಹಾಸಿ.

5. ಕೊಳ್ಳುವಾಗ

10×12 ಅಡಿಯ ಸಿಟ್‌ಔಟ್ 120 ಚದರಡಿ. ನೇರವಾಗಿ ಹಾಸಲು ಶೇ 10 ಹೆಚ್ಚು ಕೊಳ್ಳಿ, ಓರೆಯಾಗಿ ಹಾಸಲು ಶೇ 15. 12 ಮಿ.ಮೀ. ದಪ್ಪದ 400×400 ಟೈಲ್ ಪೆಟ್ಟಿಗೆಗೆ ಐದು ಇದ್ದರೆ 8.6 ಚದರಡಿ. 132 ಚದರಡಿಗೆ 16 ಪೆಟ್ಟಿಗೆ. ಟೈಲ್ ಅಂಟು 6 ಮಿ.ಮೀ. ದಪ್ಪಕ್ಕೆ 20 ಕೆ.ಜಿ.ಯ ಐದು ಚೀಲ, 4 ಮಿ.ಮೀ. ಸಂದಿಗೆ ಗ್ರೌಟ್, ಅಂದರೆ ಸಂದು ತುಂಬುವ ಪುಡಿ, 5 ಕೆ.ಜಿ.

ಎಲ್ಲ ಪೆಟ್ಟಿಗೆಗಳ ಮೇಲೂ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಒಂದೇ ಇದೆಯೇ ಎಂದು ಲಾರಿಯಿಂದ ಇಳಿಸುವ ಮೊದಲು ನೋಡಿ. ಆಮೇಲೆ ನೋಡಿದರೆ ವಾಪಸ್ ಒಯ್ಯುವವರಿಲ್ಲ. ಕಲ್ಲಾದರೆ ಎಲ್ಲವನ್ನೂ ನೆಲದ ಮೇಲೆ ಒಣದಾಗಿ ಹರಡಿ, ಛಾಯೆ ಬೆರೆಸಿ, ತೀರಾ ಬೇರೆ ಇರುವುದನ್ನು ಕುಂಡಗಳ ಕೆಳಗೋ ಮೂಲೆಗೋ ತಳ್ಳಿ.

6. ಹಾಸುವಾಗ ಕೆಡುವುದು ಎಲ್ಲಿ

ವಿಟ್ರಿಫೈಡ್ ನೀರು ಕುಡಿಯುವುದಿಲ್ಲವಾದ್ದರಿಂದ ಬರೀ ಸಿಮೆಂಟ್ ಹಾಲಿಗೆ ಹಿಡಿಯುವುದಿಲ್ಲ. ಹೊರಗೆ ಬಳಸಬಹುದಾದ ಪಾಲಿಮರ್ ಅಂಟು ಬೇಕು. ಹಲ್ಲಿನ ಕರಣೆಯಿಂದ ಬೆಡ್‌ಗೆ ಎಳೆದು, ಟೈಲ್ ಬೆನ್ನಿಗೂ ತೆಳುವಾಗಿ ಬಳಿಯಬೇಕು. ನಾಲ್ಕು ಮೂಲೆ, ನಡುವೆ ಒಂದು ಎಂದು ಉಂಡೆ ಇಟ್ಟು ಒತ್ತುವುದನ್ನು ಅಲ್ಲೇ ನಿಲ್ಲಿಸಿ: ಉಂಡೆಗಳ ನಡುವಿನ ಪೊಳ್ಳಿನಲ್ಲಿ ನೀರು ನಿಲ್ಲುತ್ತದೆ, ಕಾರಿನ ಚಕ್ರ ಹತ್ತಿದ ದಿನ ಮೂಲೆ ಒಡೆಯುತ್ತದೆ. ಶುರುವಿನಲ್ಲಿ ಒಂದು ಟೈಲ್ ಒತ್ತಿ ತಕ್ಷಣ ಕಿತ್ತು ಬೆನ್ನು ನೋಡಿ, ಅಂಟು ಪೂರ್ತಿ ಹರಡಿರಬೇಕು. ದಪ್ಪ ಒಂದೇ ಸಮ ಇಲ್ಲದ ಶಹಾಬಾದ್ ತರಹದ ಕಲ್ಲಿಗೆ ಮಾತ್ರ ಗಾರೆಯೇ ಸರಿ.

ಬಿಸಿಲಿಗೆ ನೆಲ ಹಿಗ್ಗುತ್ತದೆ. ಹೊರಗೆ ಸಂದಿಲ್ಲದೆ ಒತ್ತೊತ್ತಾಗಿ ಹಾಸಿದ ಟೈಲ್ ಮಧ್ಯಾಹ್ನ ಗುಡಾರದಂತೆ ಎದ್ದು ನಿಲ್ಲುವುದು ಇದರಿಂದಲೇ. ಪ್ರತಿ ಮೂರು ಮೀಟರಿಗೆ ಉದ್ದಕ್ಕೂ ಅಡ್ಡಕ್ಕೂ ಒಂದು ಸಂದನ್ನು, ಗೋಡೆಯ ಸುತ್ತ 8 ಮಿ.ಮೀ. ಜಾಗವನ್ನು ಗ್ರೌಟ್ ತುಂಬದೆ ಬಿಟ್ಟು ರಬ್ಬರಿನಂತೆ ಹಿಗ್ಗಿ ಕುಗ್ಗುವ ಸೀಲಂಟ್ ತುಂಬಿಸಿ. ಗೋಡೆಯ ಜಾಗವನ್ನು ಸ್ಕರ್ಟಿಂಗ್ ಮುಚ್ಚುತ್ತದೆ.

ಗ್ರೌಟ್ ಬಣ್ಣ ಟೈಲ್‌ಗಿಂತ ಒಂದು ಛಾಯೆ ಗಾಢವಿರಲಿ. ಬಿಳಿ ಗ್ರೌಟ್ ಒಂದು ಮಳೆಗಾಲಕ್ಕೆ ಕಪ್ಪು. ಅರಿಸಿನ, ಎಣ್ಣೆ ಬೀಳುವ ಹೊಸ್ತಿಲ ಮುಂದೆ ಕಲೆ ಹೀರದ ಎಪಾಕ್ಸಿ (ರಾಳದ) ಗ್ರೌಟ್ ಒಳ್ಳೆಯದು. ಬಿಸಿಲು ನೇರ ಬೀಳುವಲ್ಲಿ ತಿಳಿ ಬಣ್ಣದ ಎಪಾಕ್ಸಿ ಹಳದಿಯಾಗುತ್ತದೆ, ಅಲ್ಲಿಗೆ ಪಾಲಿಮರ್ ಬೆರೆತ ಸಿಮೆಂಟ್ ಗ್ರೌಟ್.

ಹಾಸಿದ ಮೇಲೆ ಸಿಮೆಂಟ್ ಕಲೆ ತೆಗೆಯಲು ಆಸಿಡ್ ಬಾಟಲಿ ಹೊರಬರುತ್ತದೆ. ಶಹಾಬಾದ್, ಕೋಟಾ, ತಾಂಡೂರು, ಕಡಪ ನಾಲ್ಕೂ ಸುಣ್ಣಕಲ್ಲುಗಳು. ಆಸಿಡ್ ತಾಗಿದಲ್ಲಿ ನೊರೆ ಬಂದು ಮೈ ತಿಂದುಹೋಗುತ್ತದೆ, ಆ ಬಿಳಿ ಗುರುತು ಸೋಪಿಗೆ ಹೋಗುವುದಿಲ್ಲ, ಮತ್ತೆ ಉಜ್ಜಿಸಬೇಕಾಗುತ್ತದೆ. ಗಾರೆ ಒಣಗುವ ಮೊದಲೇ ಒದ್ದೆ ಸ್ಪಂಜಿನಿಂದ ಒರೆಸಿಸಿ. ಮೊದಲ ಕೆಲವು ತಿಂಗಳು ಕಲ್ಲಿನ ಮೇಲೆ ಬಿಳಿ ಉಪ್ಪು ಎದ್ದರೆ ಗಾಬರಿ ಬೇಡ, ನೀರು ಹಾಕದೆ ಒಣ ಬ್ರಷ್‌ನಿಂದ ಗುಡಿಸಿ ತೆಗೆಯಿರಿ. ನೀರು ಹಾಕಿ ತೊಳೆದರೆ ಉಪ್ಪು ಕರಗಿ ಮತ್ತೆ ಕಲ್ಲಿನೊಳಕ್ಕೆ ಇಳಿದು ಒಣಗಿದಾಗ ಪುನಃ ಏಳುತ್ತದೆ. ಅದು ಪೂರ್ತಿ ನಿಂತ ಮೇಲೆಯೇ ಸೀಲರ್ ಹಚ್ಚಿಸಿ.